ಮೊದಲ ಶನಿವಾರದ ಚೆಕ್ಕಿನಲ್ಲಿ ಆಟಗಾರನ ಪಾಲೆಷ್ಟು?

ಸೋತು ಹೋಗಲಿ ಎಂಬ ಲೆಕ್ಕಾಚಾರದಲ್ಲೇ ಒಂದು ತಂಡಕ್ಕೆ ದುಡ್ಡು ಕೊಟ್ಟು ತಮ್ಮೂರಿಗೆ ಕರೆಸಿಕೊಳ್ಳುವ ಪದ್ಧತಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಶಕಗಳಿಂದ ನಡೆದುಬಂದಿದೆ. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಹೊಸ ಋತು ಶುರುವಾಗುತ್ತದೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಮೊದಲ ಪಂದ್ಯವನ್ನು ತನ್ನ ಅಂಗಳದಲ್ಲೇ ಆಡಬೇಕು, ಟಿಕೆಟ್ ಮಾರಬೇಕು, ದೇಶವಿಡೀ ಟಿ.ವಿ.ಯಲ್ಲಿ ಕಾಣಬೇಕು, ಗೆಲ್ಲಲೂಬೇಕು. ಸಣ್ಣ ಕಾಲೇಜಿಗೆ ದುಡ್ಡು ಬೇಕು. ಒಪ್ಪಂದ ಕುದುರುತ್ತದೆ. ಹೊರಗಿನಿಂದ ಬಂದ ತಂಡ ನಾಲ್ಕು ಕ್ವಾರ್ಟರ್ ಏಟು ತಿಂದು, ಚೆಕ್ ಪಡೆದು ಊರಿಗೆ ಮರಳುತ್ತದೆ.

ಆ ಚೆಕ್ ಕಾಲೇಜಿನ ಹೆಸರಿಗೆ ಬರೆದದ್ದು. ಏಟು ತಿಂದವರ ಹೆಸರಿಗಲ್ಲ.

ಅಲ್ಲಿನ ಫುಟ್‌ಬಾಲ್ ನಮ್ಮಲ್ಲಿ ಹುಡುಗರು ಮೈದಾನದಲ್ಲಿ ಒದೆಯುವ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಯಿಂದ ಗುದ್ದಿ ಕೆಡವುವ ಆಟ. ಒಂದೊಂದು ಕಡೆ ಹನ್ನೊಂದು ಮಂದಿ, 100 ಗಜದ ಅಂಗಳ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಗೋಲುಕಂಬಗಳ ನಡುವೆ ಒದ್ದು ದಾಟಿಸಿದರೆ ಫೀಲ್ಡ್ ಗೋಲ್, 3 ಅಂಕ. ಕಾಲೇಜು ತಂಡಗಳ ಮೊದಲನೇ ದರ್ಜೆಯಲ್ಲೇ ಎರಡು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿನ ತಂಡ ಬಹುಕಾಲ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು, ಕೆಳಗಿನದು 63ಕ್ಕೆ ಸಮನಾದಷ್ಟು ಮಾತ್ರ. 22 ಜನರ ಅಂತರ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಮೂರನೇ ಕ್ವಾರ್ಟರ್‌ನಲ್ಲಿ ದಣಿದ ಆಟಗಾರನ ಜಾಗಕ್ಕೆ ಇಳಿಯಲು ಅಷ್ಟೇ ಗಟ್ಟಿಯಾದ ಇನ್ನೊಬ್ಬ ಇಲ್ಲದಿದ್ದಾಗ ಅದರ ಅರ್ಥ ಗೊತ್ತಾಗುತ್ತದೆ.

2007ರ ಸೆಪ್ಟೆಂಬರ್ 1ರಂದು ಮಿಷಿಗನ್ ವಿಶ್ವವಿದ್ಯಾಲಯ ತನ್ನ ಋತುವನ್ನು ಹೀಗೆಯೇ ಶುರು ಮಾಡಿತು. ದೇಶದ ಶ್ರೇಯಾಂಕದಲ್ಲಿ ಅದು ಐದನೆಯದು. ಆ್ಯನ್ ಆರ್ಬರ್‌ನ ಕ್ರೀಡಾಂಗಣದಲ್ಲಿ ಅಂದು ಸೇರಿದ್ದವರು 1,09,218 ಜನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಸಲ ತುಂಬಿದರೂ ಮಿಗುವಷ್ಟು. ಎದುರಾಳಿ ನಾರ್ತ್ ಕ್ಯಾರೊಲೈನಾದ ಬ್ಲೂ ರಿಡ್ಜ್ ಬೆಟ್ಟಸಾಲಿನ ಬೂನ್ ಎಂಬ ಪುಟ್ಟ ಊರಿನ ಅಪಲಾಚಿಯನ್ ಸ್ಟೇಟ್, ಕೆಳಗಿನ ಮೆಟ್ಟಿಲಿನ ತಂಡ. ಬಂದು ಆಡಿದ್ದಕ್ಕೆ ಅದಕ್ಕೆ ಸಿಗಬೇಕಿದ್ದದ್ದು 4 ಲಕ್ಷ ಡಾಲರ್. 2006ರಿಂದ ತಂಡಗಳಿಗೆ ಋತುವಿಗೆ ಹನ್ನೆರಡನೆಯ ಪಂದ್ಯ ಆಡಲು ಕಾಯಂ ಅನುಮತಿ ಸಿಕ್ಕಿತ್ತು. ಆ ಖಾಲಿ ಶನಿವಾರ ತುಂಬಲು ದೊಡ್ಡವರಿಗೆ ಸುಲಭದ ಅತಿಥಿ ಬೇಕಿತ್ತು.

ಅಪಲಾಚಿಯನ್ ಸ್ಟೇಟ್ ಸುಲಭದ ತಂಡವಾಗಿರಲಿಲ್ಲ. 2005, 2006 ಎರಡೂ ವರ್ಷ ತನ್ನ ಮೆಟ್ಟಿಲಿನ ಚಾಂಪಿಯನ್. ಕೋಚ್ ಜೆರಿ ಮೂರ್ ವೇಗವನ್ನೇ ನಂಬಿ ತಂಡ ಕಟ್ಟಿದ್ದರು. ಎರಡನೇ ವರ್ಷದ ವಿದ್ಯಾರ್ಥಿ ಅರ್ಮಾಂಟಿ ಎಡ್ವರ್ಡ್ಸ್ ಕ್ವಾರ್ಟರ್‌ಬ್ಯಾಕ್ ಸ್ಥಾನದಿಂದ ಎಸೆಯುತ್ತಲೂ ಓಡುತ್ತಲೂ ಮಿಷಿಗನ್ ರಕ್ಷಣೆಯನ್ನು ಅಡಿಗಡಿಗೆ ತಬ್ಬಿಬ್ಬು ಮಾಡಿದ. ಅರ್ಧ ಪಂದ್ಯ ಮುಗಿದಾಗ 28–17, ಮುಂದಿದ್ದವರು ಅತಿಥಿಗಳು. ಕೊನೆಯ ಐದು ನಿಮಿಷದೊಳಗೆ ಮೈಕ್ ಹಾರ್ಟ್ 54 ಗಜ ಓಡಿ ಮಿಷಿಗನ್‌ಗೆ 32–31ರ ಮುನ್ನಡೆ ತಂದಾಗ ಕ್ರೀಡಾಂಗಣ ನಿಟ್ಟುಸಿರು ಬಿಟ್ಟಿತು. 26 ಸೆಕೆಂಡು ಉಳಿದಿರುವಾಗ ಅಪಲಾಚಿಯನ್ ಸ್ಟೇಟ್ 24 ಗಜದಿಂದ ಫೀಲ್ಡ್ ಗೋಲ್ ಹೊಡೆದು 34–32 ಮಾಡಿತು. ಮಿಷಿಗನ್‌ನ ಚಾಡ್ ಹೆನ್ನಿ 46 ಗಜ ದೂರಕ್ಕೆ ಚೆಂಡೆಸೆದು ತಂಡವನ್ನು ಮತ್ತೆ ಗೋಲಿನ ಸಮೀಪಕ್ಕೆ ತಂದ. ಗಡಿಯಾರದಲ್ಲಿ ಆರು ಸೆಕೆಂಡು. 37 ಗಜದ ಒದೆ. ಅಪಲಾಚಿಯನ್ ಸ್ಟೇಟ್‌ನ ಕೋರಿ ಲಿಂಚ್ ನುಗ್ಗಿ ಬಂದು ಚೆಂಡಿಗೆ ಅಡ್ಡ ಹಾರಿದ, ತಡೆದ, ಅದನ್ನೇ ಎತ್ತಿಕೊಂಡು ಓಡಿದ. ಗೆಲುವು ಅತಿಥಿಗಳದಾಯಿತು.

ಇತ್ತ ಬೂನ್‌ನಲ್ಲಿ ವಿದ್ಯಾರ್ಥಿಗಳು ತಮ್ಮದೇ ಖಾಲಿ ಕ್ರೀಡಾಂಗಣಕ್ಕೆ ನುಗ್ಗಿ ಗೋಲುಕಂಬ ಕಿತ್ತು, ಮೆರವಣಿಗೆಯಲ್ಲಿ ಹೊತ್ತು ವಿಶ್ವವಿದ್ಯಾಲಯದ ಮುಖ್ಯಸ್ಥರ ಮನೆಯ ಅಂಗಳಕ್ಕೆ ಒಯ್ದರು. ಮರುವಾರದ ಅಸೋಸಿಯೇಟೆಡ್ ಪ್ರೆಸ್ ಶ್ರೇಯಾಂಕದಲ್ಲಿ ಮಿಷಿಗನ್ ಐದರಿಂದ ಪಟ್ಟಿಯಾಚೆಗೇ ಬಿತ್ತು. ಕೆಳಗಿನ ಮೆಟ್ಟಿಲಿನ ತಂಡಗಳಿಗೂ ಮತ ಹಾಕಬಹುದು ಎಂದು ಆ ಸಂಸ್ಥೆ ತನ್ನ ನಿಯಮವನ್ನೇ ಬದಲಿಸಿತು. ಮಿಷಿಗನ್ ಕೋಚ್ ಲಾಯ್ಡ್ ಕಾರ್ ಆ ಋತುವಿನ ಕೊನೆಗೆ ನಿವೃತ್ತರಾದರು.

ಈ ಪಂದ್ಯವನ್ನು ತೋರಿಸಿದ್ದು ಬಿಗ್ ಟೆನ್ ನೆಟ್‌ವರ್ಕ್. ಮಿಷಿಗನ್ ಸೇರಿದ ಬಿಗ್ ಟೆನ್ ಒಕ್ಕೂಟ ಫಾಕ್ಸ್ ಜೊತೆ ಸೇರಿ ಕಟ್ಟಿದ ಸ್ವಂತ ವಾಹಿನಿ ಅದು. ಆಗಸ್ಟ್ 30ರಂದು, ಅಂದರೆ ಎರಡು ದಿನ ಮೊದಲಷ್ಟೇ ಶುರುವಾಗಿತ್ತು. ಶುಲ್ಕದ ಜಗಳದಿಂದ ಕಾಮ್‌ಕಾಸ್ಟ್‌ನಂಥ ದೊಡ್ಡ ಕೇಬಲ್ ಕಂಪನಿಗಳು ಅದನ್ನು ಇನ್ನೂ ತೆಗೆದುಕೊಂಡಿರಲಿಲ್ಲ. ಹಾಗಾಗಿ ರಾಷ್ಟ್ರೀಯ ವಾಹಿನಿಯಲ್ಲಿ ಬಂದ ಪಂದ್ಯವನ್ನು ಬಹಳಷ್ಟು ಮನೆಗಳು ನೇರವಾಗಿ ನೋಡಲೇ ಇಲ್ಲ. ಸಂಜೆಯ ಸುದ್ದಿಯಲ್ಲಿ ಕಂಡವು. ವಾಹಿನಿ ಯಾರದು, ಅದನ್ನು ಯಾರ ಮನೆಗೆ ಎಷ್ಟಕ್ಕೆ ಮುಟ್ಟಿಸಬೇಕು ಎಂಬ ಜಗಳ ಆಟದ ಒಳಹೊಕ್ಕು ಆಗಲೇ ಕಾಲು ಶತಮಾನವಾಗಿತ್ತು. ಆ ಜಗಳದ ಕಡತದಲ್ಲೂ ಇದೇ ಅಪಲಾಚಿಯನ್ ಸ್ಟೇಟ್ ಹೆಸರಿದೆ.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಟಿ.ವಿ.ಯಲ್ಲಿ ಮೊದಲು ಬಂದದ್ದು 1939ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್‌ನಲ್ಲಿ. ಫೋರ್ಡಮ್ ತಂಡ ವೇನ್ಸ್‌ಬರ್ಗ್ ತಂಡವನ್ನು ಸೋಲಿಸಿದ ಪಂದ್ಯ. ಹನ್ನೆರಡು ವರ್ಷ ಕಳೆದು 1951ರ ಹೊತ್ತಿಗೆ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಹೆದರಿತು. ಮನೆಯಲ್ಲಿ ಕೂತು ನೋಡುವಂತಾದರೆ ಮೈದಾನಕ್ಕೆ ಬರುವವರು ಯಾರು? ಪ್ರಸಾರವನ್ನು ಅದು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ವಾರಕ್ಕೆ ಎಷ್ಟು ಪಂದ್ಯ, ಯಾವ ತಂಡ ಎಷ್ಟು ಸಲ, ಎಷ್ಟು ಹಣ ಎಲ್ಲವನ್ನೂ ತಾನೇ ನಿಗದಿ ಮಾಡಿತು. ದೊಡ್ಡ ವಿಶ್ವವಿದ್ಯಾಲಯಗಳು ಇದನ್ನು ಒಲ್ಲದ ಮನಸ್ಸಿನಿಂದ ಸಹಿಸಿಕೊಂಡವು. 1981ರ ಒಂದು ಶನಿವಾರ ಆ ಸಹನೆಗೆ ಅಗ್ನಿಪರೀಕ್ಷೆಯಾಯಿತು. ಅಂದು ಒಕ್ಲಹೋಮ ಮತ್ತು ಸದರ್ನ್ ಕ್ಯಾಲಿಫೋರ್ನಿಯ ತಂಡಗಳು ಎದುರಾದವು. ಎರಡೂ ಮೊದಲ ಐದರೊಳಗಿನವು. 200ಕ್ಕೂ ಹೆಚ್ಚು ಕೇಂದ್ರಗಳು ಆ ಪಂದ್ಯವನ್ನು ಪ್ರಸಾರ ಮಾಡಿದವು. ಅದೇ ದಿನ ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಆಡಿದ್ದು ನಾಲ್ಕೇ ಕೇಂದ್ರಗಳಲ್ಲಿ ಬಂತು. ನಾಲ್ಕೂ ಕಾಲೇಜಿಗೆ ಸಿಕ್ಕ ಹಣ ಒಂದೇ.

ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ ಎನ್‌ಸಿಎಎ ಹಿಡಿತವನ್ನು ಕಿತ್ತುಹಾಕಿತು. ಸ್ಪರ್ಧೆಗೆ ಅಡ್ಡಿಪಡಿಸುವ ಒಪ್ಪಂದ ಅದು ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ತೀರ್ಪು ಬರೆದರು. ಭಿನ್ನಾಭಿಪ್ರಾಯ ಬರೆದವರು ಬೈರನ್ ವೈಟ್. ಯೌವನದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ತಾರಾ ಆಟಗಾರರಾಗಿದ್ದವರು, ವೃತ್ತಿಪರ ಲೀಗಿನಲ್ಲೂ ಆಡಿದವರು. ಕಾಲೇಜು ಆಟವನ್ನು ಓದಿನ ಅಂಗವಾಗಿ ಉಳಿಸಿಕೊಳ್ಳುವ ವ್ಯವಸ್ಥೆಯ ಭಾಗವಾಗಿ ಈ ನಿಯಮಗಳನ್ನು ನೋಡಬೇಕು ಎಂದು ಅವರು ವಾದಿಸಿದರು. ಕಾನೂನಿನ ಲೆಕ್ಕದಲ್ಲಿ ಬಹುಮತದ ತೀರ್ಪೇ ಸರಿ. ಆದರೆ ಆ ಬೀಗ ತೆಗೆದರೆ ಹಣ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಕಂಡವರು ಅಂಗಳದಲ್ಲಿ ಮೈ ಗುದ್ದಾಡಿ ಬಂದ ಆ ನ್ಯಾಯಮೂರ್ತಿಯೇ.

ಹರಿದ ದಿಕ್ಕು ಈಗ ಎಲ್ಲರಿಗೂ ಕಾಣುತ್ತಿದೆ. 2022ರ ಆಗಸ್ಟ್‌ನಲ್ಲಿ ಬಿಗ್ ಟೆನ್ ಒಕ್ಕೂಟ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೊತ್ತ 700 ಕೋಟಿ ಡಾಲರ್ ಮೀರಿತು. ಆ ಒಕ್ಕೂಟದ ಹಳೆಯ ಸದಸ್ಯರಿಗೆ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಪಾಲು ಬರುತ್ತದೆ. ಅಪಲಾಚಿಯನ್ ಸ್ಟೇಟ್‌ನಂಥ ಕಾಲೇಜು ಅದರ ಹತ್ತಿರಕ್ಕೂ ಸುಳಿಯಲಾರದು. ಅದಕ್ಕೇ ಅದು ಸೆಪ್ಟೆಂಬರ್‌ನಲ್ಲಿ ದೊಡ್ಡವರ ಊರಿಗೆ ಹೋಗುತ್ತದೆ.

ಹೋಗಲೇಬಾರದು ಎನ್ನುವವರಿದ್ದಾರೆ. ಅವರು 2022ರ ಸೆಪ್ಟೆಂಬರ್‌ನ ಮೂರು ಶನಿವಾರಗಳನ್ನು ಗಮನಿಸಬೇಕು. ಅಷ್ಟರಲ್ಲಿ ಅಪಲಾಚಿಯನ್ ಸ್ಟೇಟ್ ಮೇಲಿನ ಮೆಟ್ಟಿಲು ಹತ್ತಿ ಎಂಟು ವರ್ಷವಾಗಿತ್ತು. ಅದರ ಮೊದಲ ಪಂದ್ಯಕ್ಕೆ ರಾಜ್ಯದ ಹಿರಿಯ ವಿಶ್ವವಿದ್ಯಾಲಯವಾದ ನಾರ್ತ್ ಕ್ಯಾರೊಲೈನಾ ತಾನೇ ಬೆಟ್ಟ ಹತ್ತಿ ಬೂನ್‌ಗೆ ಬಂತು. ಅದರ ಕೋಚ್ ಮ್ಯಾಕ್ ಬ್ರೌನ್ 1983ರಲ್ಲಿ ಇದೇ ಬೂನ್‌ನಲ್ಲಿ ಕೋಚ್ ಆಗಿದ್ದವರು. 30,000 ಆಸನಗಳ ಕ್ರೀಡಾಂಗಣದಲ್ಲಿ 40,168 ಜನ. ರಾಷ್ಟ್ರೀಯ ನೇರಪ್ರಸಾರ. ಅಪಲಾಚಿಯನ್ ಸ್ಟೇಟ್ ಕೊನೆಯ ಕ್ವಾರ್ಟರ್ ಒಂದರಲ್ಲೇ 40 ಅಂಕ ಗಳಿಸಿತು. ಕೊನೆಯ 31 ಸೆಕೆಂಡಿನಲ್ಲಿ ಎರಡು ಸಲ, ಟಚ್‌ಡೌನ್ ಬೆನ್ನಿಗೆ ಮಾಡುವ ಎರಡಂಕದ ಯತ್ನ ಕೈತಪ್ಪಿ 63–61ರಿಂದ ಸೋತಿತು. ಮರುವಾರ 15 ಲಕ್ಷ ಡಾಲರ್ ಒಪ್ಪಂದದ ಮೇಲೆ ಟೆಕ್ಸಸ್‌ಗೆ ಹೋಗಿ, ಆರನೇ ಶ್ರೇಯಾಂಕದ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು 17–14ರಿಂದ ಸೋಲಿಸಿತು. ಅದರ ಮರುವಾರ ಇಎಸ್‌ಪಿಎನ್‌ನ ‘ಕಾಲೇಜ್ ಗೇಮ್‌ಡೇ’ ಟಿ.ವಿ. ಕಾರ್ಯಕ್ರಮದ ತಂಡವೇ ಕ್ಯಾಮೆರಾ ಹೊತ್ತು ಬೂನ್‌ಗೆ ಬಂತು. ಅಂದು ಟ್ರಾಯ್ ವಿರುದ್ಧ ಕೊನೆಯ ಎಸೆತದಲ್ಲಿ 32–28ರ ಗೆಲುವು. ಒಂದು ಸಣ್ಣ ಬೆಟ್ಟದೂರು ಮೂರು ವಾರ ದೇಶದ ಕಣ್ಣಲ್ಲಿತ್ತು. ದುಡ್ಡು ಕೊಟ್ಟು ಜಾಹೀರಾತು ಹಾಕಿದರೆ ಇಷ್ಟು ಸಿಗುತ್ತಿತ್ತೇ?

ಕಾಲೇಜುಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. 1984ರಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಟಿ.ವಿ.ಯಲ್ಲಿ ಎಲ್ಲರೂ ನೋಡುತ್ತಿದ್ದಂತೆ ಕೊನೆಯ ಕ್ಷಣದ ಎಸೆತದಿಂದ ಮಯಾಮಿಯನ್ನು ಸೋಲಿಸಿದ ಮೇಲೆ, ಗೆಲುವಿನ ಹಿಂದೆ ಪ್ರವೇಶ ಅರ್ಜಿಗಳೂ ಏರುತ್ತವೆ ಎಂಬ ಮಾತಿಗೆ ಅವನ ಹೆಸರೇ ಅಂಟಿಕೊಂಡಿತು. ಹಾರ್ವರ್ಡ್‌ನ ಡಗ್ ಚಂಗ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಧಾರಣ ತಂಡ ಉತ್ತಮ ತಂಡವಾದರೆ ಆ ಕಾಲೇಜಿಗೆ ಬರುವ ಅರ್ಜಿಗಳು ಸುಮಾರು ಶೇ 18ರಷ್ಟು ಹೆಚ್ಚುತ್ತವೆ. ಇದಕ್ಕೆ ಬಂಡವಾಳ ಎಲ್ಲಿಂದ? ಟಿ.ವಿ. ಹಣ ಇಲ್ಲದ ಕಾಲೇಜುಗಳಲ್ಲಿ ಬಹುಪಾಲು ವಿದ್ಯಾರ್ಥಿಗಳ ಜೇಬಿನಿಂದ. ಅಪಲಾಚಿಯನ್ ಸ್ಟೇಟ್‌ನಂಥ ಕಡೆ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ನೂರಾರು ಡಾಲರ್ ಕ್ರೀಡಾಶುಲ್ಕ ಕಟ್ಟಬೇಕು. ಪಂದ್ಯ ನೋಡುವವನೂ, ಚೆಂಡಿನ ಆಕಾರವೇ ಗೊತ್ತಿಲ್ಲದವನೂ. ಅದೇ ರಾಜ್ಯದ ಷಾರ್ಲಟ್‌ನಲ್ಲೋ ರಾಲಿಯಲ್ಲೋ ನೆಲೆಸಿದ ಕನ್ನಡ ಕುಟುಂಬದ ಮಗಳು ಅಲ್ಲಿ ಓದಲು ಹೋದರೆ ಅವಳ ಬಿಲ್ಲಿನಲ್ಲೂ ಆ ಸಾಲು ಇರುತ್ತದೆ. ಇಂಥ ಕಾಲೇಜಿಗೆ ಹೊರಗಿನಿಂದ ಬರುವ 15 ಲಕ್ಷ ಡಾಲರ್ ಸಣ್ಣ ಮಾತಲ್ಲ.

ಇಷ್ಟಾದರೂ ಎಲ್ಲ ಪಂದ್ಯವೂ 2007ರ ಪಂದ್ಯವಾಗುವುದಿಲ್ಲ. 2012ರ ಅದೇ ಸೆಪ್ಟೆಂಬರ್ 1ರಂದು ಜಾರ್ಜಿಯ ರಾಜ್ಯದ ಸವಾನಾ ಸ್ಟೇಟ್ ತಂಡ ತನ್ನ ಮೊದಲ ಪಂದ್ಯಕ್ಕೆ ಒಕ್ಲಹೋಮ ಸ್ಟೇಟ್ ಅಂಗಳಕ್ಕೆ ಹೋಯಿತು. ಕಪ್ಪು ಜನಾಂಗದ ಶಿಕ್ಷಣಕ್ಕೆಂದು ಹುಟ್ಟಿದ ಹಳೆಯ ಸಾರ್ವಜನಿಕ ವಿಶ್ವವಿದ್ಯಾಲಯ ಅದು, ಸದಾ ಹಣದ ಅಡಚಣೆ. 84–0. ಮರುವಾರ ಫ್ಲಾರಿಡಾ ಸ್ಟೇಟ್‌ನಲ್ಲಿ 55–0 ಆಗುವಷ್ಟರಲ್ಲಿ ಗುಡುಗು ಮಿಂಚು ಬಂದು ಮೂರನೇ ಕ್ವಾರ್ಟರ್‌ನಲ್ಲೇ ಆಟ ನಿಲ್ಲಿಸಿದರು. ಎರಡೂ ಪಂದ್ಯ ಸೇರಿ ಕಾಲೇಜಿಗೆ 8 ಲಕ್ಷ 60 ಸಾವಿರ ಡಾಲರ್ ಬಂತು. 2019ರಲ್ಲಿ ಆ ಕಾಲೇಜು ಎರಡನೇ ದರ್ಜೆಗೆ ಮರಳಿತು. ಎಂಟು ಲಕ್ಷ ಡಾಲರ್‌ಗಾಗಿ ಇಪ್ಪತ್ತು ವರ್ಷದ ಹುಡುಗರನ್ನು ಅಂಥ ಎರಡು ಶನಿವಾರಗಳಿಗೆ ದೂಡಿದ್ದನ್ನು ಯಾವ ಆಯವ್ಯಯವೂ ಸಮರ್ಥಿಸಲಾರದು.

ಅಂಕಪಟ್ಟಿಯ ಅವಮಾನ ಮರೆತುಹೋಗಬಹುದು. ಮೈಗೆ ಆದ ಪೆಟ್ಟು ಹಾಗಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಲೂಸಿಯಾನದ ಸದರ್ನ್ ವಿಶ್ವವಿದ್ಯಾಲಯ ಇಂಥದ್ದೇ ಒಪ್ಪಂದದ ಮೇಲೆ ಜಾರ್ಜಿಯ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದಾಗ, ಅದರ ಆಟಗಾರನೊಬ್ಬನಿಗೆ ಡಿಕ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ದೇಹದ ಸ್ವಾಧೀನ ತಪ್ಪಿತು. ಜಾರ್ಜಿಯದ ಜನ ಎದುರಾಳಿ ತಂಡದ ಆ ಹುಡುಗನನ್ನು ತಮ್ಮವನೆಂದೇ ನೋಡಿಕೊಂಡರು, ಅವನ ಕುಟುಂಬಕ್ಕೆ ಗಾಲಿಕುರ್ಚಿಗೆ ಹೊಂದುವ ಮನೆ ಕಟ್ಟಲು ದುಡ್ಡು ಕೂಡಿಸಿದರು. ಕೈಮುಗಿಯಬೇಕಾದ ಕೆಲಸ. ಆದರೆ ಲಕ್ಷಗಟ್ಟಲೆ ಡಾಲರ್‌ಗೆ ಸಹಿ ಬಿದ್ದ ಪಂದ್ಯದಲ್ಲಿ ನೆಲಕ್ಕೆ ಬಿದ್ದವನ ಮುಂದಿನ ಬದುಕು ಊರವರ ಚಂದಾ ಹಣವನ್ನು ನೆಚ್ಚಿಕೊಳ್ಳಬೇಕಾಗಿ ಬರುವುದು ವ್ಯವಸ್ಥೆಗೆ ಶೋಭೆಯಲ್ಲ.

ಆಟಗಾರರಿಗೆ ಹಣ ಕೊಡುವ ಮಾತು ಇನ್ನು ಮುಜುಗರದ್ದೇನಲ್ಲ. 2021ರ ಜುಲೈನಿಂದ ಅವರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರ ಜೂನ್ 6ರಂದು ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ರಾಜಿ ಒಪ್ಪಂದದಂತೆ, ಅದಕ್ಕೆ ಸೇರಿದ ಕಾಲೇಜು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದು. ಹಿಂದಿನ ಬಾಕಿಯೆಂದು ಸುಮಾರು 280 ಕೋಟಿ ಡಾಲರ್ ಕೊಡಬೇಕು, 2016ರಿಂದೀಚೆಗೆ ಆಡಿದವರಿಗೆ. ಲಿಂಚ್ ಮತ್ತು ಎಡ್ವರ್ಡ್ಸ್ ಆಡಿದ್ದು 2007ರಲ್ಲಿ. ಆ ಶನಿವಾರದ 4 ಲಕ್ಷ ಡಾಲರ್‌ನಲ್ಲೂ, ಈಗಿನ 280 ಕೋಟಿಯಲ್ಲೂ ಅವರಿಗೆ ಪಾಲಿಲ್ಲ. ಇನ್ನು 2.05 ಕೋಟಿಯ ಮಿತಿಯನ್ನು ಮಿಷಿಗನ್ ಮುಟ್ಟಬಲ್ಲದು. ವಿದ್ಯಾರ್ಥಿ ಶುಲ್ಕದಿಂದ ತಂಡ ನಡೆಸುವ ಕಾಲೇಜಿಗೆ ಅಷ್ಟು ಎಲ್ಲಿಂದ ಬರಬೇಕು?

ಈ ನಡುವೆ ಸಣ್ಣ ತಂಡಗಳಿಗೆ ಬಾಗಿಲು ಕಿರಿದಾಗುತ್ತಿದೆ. ಬಿಗ್ ಟೆನ್ 2016ರಿಂದಲೇ ಪ್ರತಿ ತಂಡಕ್ಕೂ ತನ್ನೊಳಗೆ ಒಂಬತ್ತು ಪಂದ್ಯ ಆಡಿಸುತ್ತಿದೆ. ದಕ್ಷಿಣದ ಬಲಿಷ್ಠ ಒಕ್ಕೂಟ ಎಸ್‌ಇಸಿ 2026ರಿಂದ ಅದೇ ದಾರಿ ಹಿಡಿಯುವುದಾಗಿ 2025ರ ಆಗಸ್ಟ್‌ನಲ್ಲಿ ಸಾರಿತು. ಜೊತೆಗೆ ಮತ್ತೊಂದು ಬಲಿಷ್ಠ ಒಕ್ಕೂಟದ ತಂಡದ ಎದುರೂ ಆಡಲೇಬೇಕಂತೆ. ಹನ್ನೆರಡರಲ್ಲಿ ಹತ್ತು ಹೋದರೆ ಉಳಿಯುವುದು ಎರಡು. ದೊಡ್ಡವರು ದೊಡ್ಡವರೊಡನೆ ಆಡಿದರೆ ನೋಡುಗರು ಹೆಚ್ಚು, ಜಾಹೀರಾತು ದರ ಹೆಚ್ಚು ಎಂಬುದು ವಾಹಿನಿಗಳ ಲೆಕ್ಕ. ಆ ಲೆಕ್ಕದಲ್ಲಿ 2024ರ ಸೆಪ್ಟೆಂಬರ್ 7 ಎಲ್ಲಿ ಬರುತ್ತದೆ? ಅಂದು 14 ಲಕ್ಷ ಡಾಲರ್‌ಗೆ ಬಂದಿದ್ದ ನಾರ್ದರ್ನ್ ಇಲಿನಾಯ್ ತಂಡ, ದೊಡ್ಡ ತಂಡವಾದ ನೋಟರ್ ಡೇಮ್ ಅನ್ನು ಆ ಋತುವಿನಲ್ಲಿ ಅದು ತನ್ನೂರಿನಲ್ಲಿ ಆಡಿದ ಮೊದಲ ಪಂದ್ಯದಲ್ಲೇ 16–14ರಿಂದ ಸೋಲಿಸಿತು. ಹಾಗೆ ಸೋತ ತಂಡವೇ ಮುಂದೆ ಅದೇ ಋತುವಿನ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. ಸಣ್ಣ ತಂಡವನ್ನು ಪಟ್ಟಿಯಿಂದ ತೆಗೆದರೆ ಇಂಥ ದಿನವೂ ಅದರೊಡನೆ ಹೋಗುತ್ತದೆ. ಕಾಲೇಜು ಫುಟ್‌ಬಾಲ್ ವೃತ್ತಿಪರ ಲೀಗಿನ ನೆರಳಾಗದೆ ಉಳಿದಿರುವುದೇ ಇಂಥ ದಿನಗಳಿಂದ.

ಆದ್ದರಿಂದ ಈ ಪಂದ್ಯಗಳು ನಿಲ್ಲಬಾರದು. ಒಪ್ಪಂದದ ಕರಾರು ಬದಲಾಗಬೇಕು. ಮೊದಲನೆಯದು ಹಣ. ಅತಿಥಿ ತಂಡಕ್ಕೆ ಕೊಡುವ ಮೊತ್ತದಲ್ಲಿ ಐದನೇ ಒಂದು ಪಾಲು ಆ ದಿನದ ತಂಡದ ಆಟಗಾರರಿಗೆ ನೇರವಾಗಿ, ಸಮವಾಗಿ ಹೋಗಬೇಕು. 15 ಲಕ್ಷ ಡಾಲರ್ ಎಂದಿಟ್ಟುಕೊಂಡರೆ 3 ಲಕ್ಷ. ಆ ರಾಜಿ ಒಪ್ಪಂದ ಒಂದು ತಂಡಕ್ಕೆ ಇಟ್ಟ ಮಿತಿಯಾದ 105 ಆಟಗಾರರಿಗೆ ಹಂಚಿದರೆ ಒಬ್ಬೊಬ್ಬರಿಗೆ 2,850 ಡಾಲರ್ ಆಸುಪಾಸು. ಈ ಹಣದಿಂದಲೇ ಹೆಣ್ಣುಮಕ್ಕಳ ಓಟ, ಈಜು, ಟೆನಿಸ್ ತಂಡಗಳು ನಡೆಯುತ್ತಿವೆ ಎಂದು ಕಾಲೇಜುಗಳು ಹೇಳುತ್ತವೆ. ಅದು ನಿಜ, ಹಗುರವಾಗಿ ತಳ್ಳುವ ಮಾತಲ್ಲ. ಅದಕ್ಕೇ ಐದರಲ್ಲಿ ನಾಲ್ಕು ಪಾಲು ಅಲ್ಲೇ ಉಳಿಯಲಿ. ಇನ್ನೂ ಕೊರತೆ ಬಿದ್ದರೆ ಆ ಐದನೇ ಪಾಲನ್ನು ಕರೆಸಿಕೊಂಡವರೇ ಮೇಲಿನಿಂದ ಸೇರಿಸಲಿ. ವರ್ಷಕ್ಕೆ 6 ಕೋಟಿ ಡಾಲರ್ ಟಿ.ವಿ. ಪಾಲು ಪಡೆಯುವ ವಿಶ್ವವಿದ್ಯಾಲಯಕ್ಕೆ 3 ಲಕ್ಷ ಹೊರೆಯಲ್ಲ.

ಎರಡನೆಯದು ಗಾಯ. 2024ರ ಆಗಸ್ಟ್‌ನಿಂದ ಎನ್‌ಸಿಎಎ ನಿಯಮದಂತೆ, ಮೊದಲ ದರ್ಜೆಯ ಆಟಗಾರ ಕಾಲೇಜು ಬಿಟ್ಟ ಎರಡು ವರ್ಷದವರೆಗೆ ಆಟದಲ್ಲಾದ ಗಾಯದ ಖರ್ಚನ್ನು ಅವನ ಕಾಲೇಜು ನೋಡಿಕೊಳ್ಳಬೇಕು. ಮೊಣಕಾಲಿನ ಪೆಟ್ಟು, ತಲೆಗೆ ಬಿದ್ದ ಏಟು ಎರಡು ವರ್ಷಕ್ಕೆ ಮುಗಿಯುವಂಥವಲ್ಲ. ದುಡ್ಡಿಗಾಗಿ ಆಡಿಸಿದ ಪಂದ್ಯದಲ್ಲಿ ಆದ ಗಾಯಕ್ಕೆ ಆಮೇಲಿನ ಹೊಣೆಯನ್ನು ಕರೆಸಿಕೊಂಡ ವಿಶ್ವವಿದ್ಯಾಲಯ ಹೊರುತ್ತದೆ ಎಂಬ ಒಂದು ಸಾಲು ಕರಾರಿನಲ್ಲಿ ಇರಬೇಕು. ಪಂದ್ಯ ರದ್ದಾದರೆ ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಈ ಕರಾರುಗಳಲ್ಲಿ ಬಿಡಿಬಿಡಿಯಾಗಿ ಬರೆದಿರುತ್ತದೆ. ಅಷ್ಟು ಬರೆಯಬಲ್ಲ ವಕೀಲರಿಗೆ ಇದನ್ನು ಬರೆಯುವುದು ಕಷ್ಟವಲ್ಲ.

ಇದಕ್ಕೆ ಸಂಸತ್ತಿನ ಕಾನೂನಿಗಾಗಲಿ ಮತ್ತೊಂದು ಸುಪ್ರೀಂ ಕೋರ್ಟ್ ತೀರ್ಪಿಗಾಗಲಿ ಕಾಯಬೇಕಿಲ್ಲ. ಇಂಥ ಕಾಲೇಜುಗಳಲ್ಲಿ ಬಹಳಷ್ಟು ಸರ್ಕಾರಿ ಸಂಸ್ಥೆಗಳು. ಅಪಲಾಚಿಯನ್ ಸ್ಟೇಟ್, ಚಾಪಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ಸೇರಿದಂತೆ ಆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳೆಲ್ಲ ಒಂದೇ ಆಡಳಿತ ಮಂಡಳಿಯಡಿ ಇವೆ. ತನ್ನ ಯಾವ ತಂಡವೂ ಈ ಎರಡು ಕರಾರುಗಳಿಲ್ಲದೆ ಹೊರಗಿನ ಅಂಗಳದಲ್ಲಿ ಋತು ಆರಂಭಿಸಬಾರದು ಎಂದು ಆ ಮಂಡಳಿ ಒಂದು ಸಭೆಯಲ್ಲಿ ತೀರ್ಮಾನಿಸಬಹುದು. ಮುಂದಿನ ಋತುಗಳ ಪಂದ್ಯಗಳಿಗೆ ವರ್ಷಗಳ ಮೊದಲೇ ಸಹಿ ಬೀಳುತ್ತದೆ. ಹಾಗಾಗಿ ಆ ಸಭೆ ತಡವಾಗದೆ ನಡೆಯಬೇಕು.